ಒಂದು ಹೆಸರಿನ ಭಾಷಾಂತರ

2015ರ ಏಪ್ರಿಲ್ ರಜೆಯಲ್ಲಿ ನಾನು ಬ್ಯಾಂಕಾಕಿನಲ್ಲಿದ್ದ ತಂಗಿಯ ಮನೆಗೆ ಹೋಗಿದ್ದೆ. ಅವಳ ಯಜಮಾನರಿಗೆ ಅಲ್ಲಿ ಮೂರು ವರ್ಷದ ಕೆಲಸ. ಹೋದ ಮೊದಲ ಶುಕ್ರವಾರ ರಾತ್ರಿ ಊಟ ಮುಗಿಸಿ ಟೀವಿಯ ಮುಂದೆ ಕೂತೆವು. ಪರದೆಯ ಮೇಲೆ ಒಬ್ಬರು ಒಂದೇ ಸಮನೆ ಮಾತನಾಡುತ್ತಿದ್ದರು. ತಂಗಿ ಚಾನೆಲ್ ಬದಲಾಯಿಸಿದಳು, ಅಲ್ಲೂ ಅವರೇ. ಇನ್ನೊಂದರಲ್ಲೂ ಅವರೇ. "ಇವರೇ ಇಲ್ಲಿಯ ಪ್ರಧಾನಿ ಅಕ್ಕಾ, ಜನರಲ್ ಪ್ರಯುತ್ ಚಾನ್-ಒ-ಚಾ. ಪ್ರತಿ ಶುಕ್ರವಾರ ಹೀಗೇ" ಎಂದವಳು ಸದ್ದು ಕಡಿಮೆ ಮಾಡಿ ಅಡುಗೆಮನೆಗೆ ಹೋದಳು.

ಅವಳ ಮಗಳು ಐದನೆಯ ತರಗತಿ. ಅಲ್ಲಿಯ ಶಾಲೆಯಲ್ಲಿ ಥಾಯ್ ಕಲಿಯುತ್ತಿದ್ದಳು. ಕಾರ್ಯಕ್ರಮದ ಹೆಸರನ್ನು ನನಗೆ ಕೂಡಿಸಿ ಕೂಡಿಸಿ ಓದಿ ಹೇಳಿದಳು: ಖುಯೆನ್ ಖ್ವಾಮ್ ಸುಖ್ ಹಾಯ್ ಖೊನ್ ನಾಯ್ ಚಾತ್. "ಸುಖ್ ಅಂದ್ರೆ ಸುಖಾನೇ ದೊಡ್ಡಮ್ಮ. ಚಾತ್ ಅಂದ್ರೆ ದೇಶ. ದೇಶದ ಜನಕ್ಕೆ ಸುಖ ವಾಪಸ್ ಕೊಡೋದು ಅಂತ." ಚಾತ್ ಎಂಬುದನ್ನು ಹೇಗೆ ಬರೆಯುತ್ತಾರೆ ಎಂದು ಕೇಳಿದೆ. ಅವಳು ಬರೆದು ಒಂದೊಂದೇ ಅಕ್ಷರ ಬಿಡಿಸಿದಳು. ಕೊನೆಯ ಇಕಾರವನ್ನು ಅವರು ಉಚ್ಚರಿಸುವುದಿಲ್ಲ, ಬರೆಯುತ್ತಾರೆ ಅಷ್ಟೆ. ಅದು ನಮ್ಮ ಜಾತಿ!

ನಾನು ಹೈಸ್ಕೂಲಿನಲ್ಲಿ ಚರಿತ್ರೆಯನ್ನೂ ಕನ್ನಡವನ್ನೂ ಕಲಿಸುವವಳು. ನಮ್ಮಲ್ಲಿ ಜನರನ್ನು ಬೇರೆ ಬೇರೆ ಪಂಕ್ತಿಯಲ್ಲಿ ಕೂರಿಸಿದ ಮಾತು ಅಲ್ಲಿ ಎಲ್ಲರನ್ನೂ ಸೇರಿಸಿ ಹೇಳುವ 'ರಾಷ್ಟ್ರ'ವಾಗಿದೆ ಎಂದು ತಿಳಿದ ಮೇಲೆ ನಿದ್ದೆ ಬರುವುದು ಹೇಗೆ? ಮರುದಿನದಿಂದ ಬೀದಿಯ ಫಲಕಗಳನ್ನೆಲ್ಲ ಆ ಹುಡುಗಿಯಿಂದ ಓದಿಸಿದ್ದೇ ಓದಿಸಿದ್ದು. ಅವರ ಅಕ್ಷರಮಾಲೆಯೂ ಕವರ್ಗ ಚವರ್ಗ ಎಂದೇ ಸಾಗುತ್ತದೆ. ನಾವು ಮಕ್ಕಳಿಗೆ ಬಾಯಿಪಾಠ ಮಾಡಿಸಿ, ಆಮೇಲೆ ಜನ್ಮದಲ್ಲಿ ಬಳಸದೆ ಬಿಡುವ ಙಕಾರ ಅಲ್ಲಿ ಪದದ ಮೊದಲಿಗೇ ಬಂದು ಕೂರುತ್ತದೆ. ಪ್ರಧಾನಮಂತ್ರಿಗೆ ಅವರು ನಾಯೊಕ್ ರತ್ಥಮೊನ್ತ್ರಿ ಎನ್ನುತ್ತಾರೆ, ಅಂದರೆ ನಾಯಕ ರಾಷ್ಟ್ರಮಂತ್ರಿ. ವಿಶ್ವಸಂಸ್ಥೆ ಸಹಪ್ರಚಾಚಾತ್, ಸಹ, ಪ್ರಜಾ, ಜಾತಿ. ಸೇನೆ ಅಧಿಕಾರ ಹಿಡಿಯುವುದಕ್ಕೆ ರತ್ಥಪ್ರಹಾನ್ ಎಂಬ ಮಾತಿದೆ. ಕೊನೆಯ ರಕಾರ ಅವರ ಬಾಯಲ್ಲಿ ನಕಾರವಾಗುವುದರಿಂದ ನಮಗೆ ತಕ್ಷಣ ಗುರುತು ಸಿಗುವುದಿಲ್ಲ. ಅದು ರಾಷ್ಟ್ರಪ್ರಹಾರ. ನಾವು ಕನ್ನಡದಲ್ಲಿ 'ಕ್ಷಿಪ್ರಕ್ರಾಂತಿ' ಎಂದು ಬರೆಯುತ್ತೇವಲ್ಲ, ಆ ಮಾತಿನಲ್ಲಿ ಕ್ರಾಂತಿಯ ಗೌರವ ಸ್ವಲ್ಪ ಉಳಿದುಕೊಂಡಿದೆ. ಥಾಯ್ ಮಾತು ನೇರ: ರಾಷ್ಟ್ರದ ಮೇಲೆ ಬಿದ್ದ ಏಟು.

ಆದರೆ ಏಟು ಹಾಕಿದವರು ತಮ್ಮನ್ನು ತಾವು ಹಾಗೆ ಕರೆದುಕೊಳ್ಳುವುದಿಲ್ಲ. ಕರೆದುಕೊಳ್ಳುವ ಹೆಸರು ಬೇರೆ. ಅದನ್ನು ಇಂಗ್ಲಿಷಿಗೆ ತರುವಾಗಿನ ಹೆಸರು ಇನ್ನೂ ಬೇರೆ. ಈ ಎರಡರ ನಡುವಿನ ದೂರ ನನಗೆ ಗೊತ್ತಾದದ್ದು ತಂಗಿಯ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದ ಒಬ್ಬ ಹಿರಿಯರಿಂದ. ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಇಂಗ್ಲಿಷ್ ಕಲಿಸಿ ನಿವೃತ್ತರಾಗಿದ್ದರು. ಸಂಜೆಯ ಹೊತ್ತು ತಂಗಿಯ ಮಗಳಿಗೆ ಥಾಯ್ ಹೇಳಿಕೊಡುತ್ತಿದ್ದರು. ಎಲ್ಲರೂ ಅವರನ್ನು 'ಖುನ್ ಖ್ರೂ' ಎನ್ನುತ್ತಿದ್ದರು. ಖ್ರೂ ಎಂದರೆ ಗುರು. ನಾನೂ ಮೇಡಂ ಎನ್ನುವ ಬದಲು ಖುನ್ ಖ್ರೂ ಎಂದೇ ಕರೆದೆ. ನಾನೂ ಖ್ರೂ ಎಂದು ಗೊತ್ತಾದ ಮೇಲೆ ಅವರು ನನ್ನನ್ನೂ ಹಾಗೆಯೇ ಕರೆಯತೊಡಗಿದರು. ಇಬ್ಬರೂ ಒಬ್ಬರನ್ನೊಬ್ಬರು ಗುರುವೇ ಗುರುವೇ ಎನ್ನುವುದನ್ನು ಕೇಳಿ ತಂಗಿಗೆ ನಗು.

ನಡೆದದ್ದನ್ನು ಮೊದಲು ಹೇಳಿಬಿಡುತ್ತೇನೆ. 2013ರ ಕೊನೆಯಿಂದ ಬ್ಯಾಂಕಾಕಿನ ಬೀದಿಗಳಲ್ಲಿ ತಿಂಗಳುಗಟ್ಟಲೆ ಪ್ರತಿಭಟನೆ ನಡೆದಿತ್ತು. ಪ್ರಧಾನಿಯಾಗಿದ್ದ ಯಿಂಗ್ಲಕ್ ಶಿನವತ್ರ ಅವರನ್ನು 2014ರ ಮೇ 7ರಂದು ಅಲ್ಲಿಯ ಸಂವಿಧಾನ ನ್ಯಾಯಾಲಯ ಹುದ್ದೆಯಿಂದ ಇಳಿಸಿತು. ಮೇ 20ರ ಬೆಳಗಿನ ಜಾವ 3 ಗಂಟೆಗೆ ಸೇನೆ ತನ್ನ ಕಾನೂನನ್ನು ಜಾರಿಗೆ ತಂದಿತು. ಇದು ಪ್ರಹಾರವಲ್ಲ ಎಂದೂ ಹೇಳಿತು. ಎರಡೇ ದಿನ. 22ರಂದು ಎರಡೂ ಬಣಗಳ ಮುಖಂಡರನ್ನು ಸಂಧಾನಕ್ಕೆಂದು ಸೇನೆಯ ಕ್ಲಬ್ಬಿಗೆ ಕರೆಸಿ, ಅಲ್ಲಿಯೇ ಹಿಡಿದಿಟ್ಟು, ಆಗ ಸೇನೆಯ ದಂಡನಾಯಕರಾಗಿದ್ದ ಪ್ರಯುತ್ ಅಧಿಕಾರ ತಮ್ಮ ಕೈಗೆ ಬಂದಿದೆ ಎಂದು ಘೋಷಿಸಿದರು. 1932ರಿಂದ ಲೆಕ್ಕ ಹಾಕಿದರೆ ಗೆದ್ದ ಪ್ರಹಾರಗಳಲ್ಲಿ ಇದು ಹನ್ನೆರಡನೆಯದು ಎಂದು ಪತ್ರಿಕೆಗಳು ಬರೆದವು.

ಅಂದು ಅವರು ಇಟ್ಟುಕೊಂಡ ಹೆಸರು ಇದು: ಖನ ರಕ್ಸಾ ಖ್ವಾಮ್ ಸಙೊಪ್ ಹೆಙ್ ಚಾತ್. ಪತ್ರಿಕೆಗಳು ಇದನ್ನು ಖೊ ಸೊ ಚೊ ಎಂದು ಮೂರು ಅಕ್ಷರಕ್ಕೆ ಇಳಿಸಿಬಿಟ್ಟಿದ್ದವು. ಇಂಗ್ಲಿಷಿನಲ್ಲಿ ಇದು ನ್ಯಾಷನಲ್ ಕೌನ್ಸಿಲ್ ಫಾರ್ ಪೀಸ್ ಅಂಡ್ ಆರ್ಡರ್. ನಾನು ಅಲ್ಲಿಯವರೆಗೆ ಓದಿದ್ದು ಈ ಇಂಗ್ಲಿಷ್ ಹೆಸರನ್ನು ಮಾತ್ರ. ಕನ್ನಡಕ್ಕೆ ತಂದರೆ 'ಶಾಂತಿ ಮತ್ತು ಸುವ್ಯವಸ್ಥೆಯ ರಾಷ್ಟ್ರೀಯ ಮಂಡಳಿ'. ಕೇಳಲು ಎಷ್ಟು ಚೆನ್ನಾಗಿದೆ! ನಮ್ಮ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಹಬ್ಬದ ಮುಂಚೆ ಶಾಂತಿಸಭೆ ಕರೆಯುತ್ತಾರಲ್ಲ, ಹಾಗೆ.

ಖುನ್ ಖ್ರೂ ಒಂದು ಹಾಳೆ ತೆಗೆದುಕೊಂಡು ಹೆಸರನ್ನು ಪದಪದವಾಗಿ ಬಿಡಿಸಿ ಬರೆದರು. ನಾನು ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊಂಡೆ.

ಖನ ಎಂದರೆ ಗಣ. ಶಿವಗಣ, ಗಣಪತಿ ಎಂಬಲ್ಲಿಯ ಗಣವೇ. ಅಲ್ಲಿ ನಾಟಕದ ಮೇಳವೂ ಖನ, ಕಾಲೇಜಿನ ವಿಭಾಗವೂ ಖನ, ಮಂತ್ರಿಮಂಡಲವೂ ಖನ. ಆದ್ದರಿಂದ ಕೌನ್ಸಿಲ್ ಎಂದದ್ದು ತಪ್ಪು ಎನ್ನಲಾಗದು. ಆದರೆ ಸಭೆಗೆ ಅವರಲ್ಲಿ ಬೇರೆ ಮಾತೇ ಇದೆ, ಸಫಾ; ಅದೂ ನಮ್ಮ ಸಭೆಯೇ. ಸಂಸತ್ತು ರತ್ಥಸಫಾ. ಈ ಹೆಸರಿನಲ್ಲಿ ಸಭೆ ಇಲ್ಲ. ಒಂದು ಗುಂಪು ಇದೆ. ಗುಂಪು, ತಂಡ, ಸಮಿತಿ, ಪಕ್ಷ, ಮಂಡಳಿ ಇವುಗಳಲ್ಲಿ ಅತ್ಯಂತ ಗೌರವದ ಮಾತನ್ನು ಭಾಷಾಂತರ ಮಾಡಿದವರು ಆರಿಸಿಕೊಂಡರು. 1932ರ ಜೂನ್ 24ರಂದು ರಾಜನ ನಿರಂಕುಶ ಅಧಿಕಾರವನ್ನು ಕೊನೆಗೊಳಿಸಿದವರೂ ತಮ್ಮನ್ನು ಖನ ರಾತ್ಸದೊನ್ ಎಂದು ಕರೆದುಕೊಂಡಿದ್ದರು. ಅದು ಇಂಗ್ಲಿಷಿನಲ್ಲಿ ಪೀಪಲ್ಸ್ ಪಾರ್ಟಿ ಆಯಿತು. ಅಂದಿನ ಖನ ಪಕ್ಷ, ಇಂದಿನ ಖನ ಮಂಡಳಿ.

ರಕ್ಸಾ ಎಂದರೆ ರಕ್ಷೆ, ಕಾಯುವುದು. ಅಲ್ಲಿ ಕಾಯಿಲೆಗೆ ಚಿಕಿತ್ಸೆ ಮಾಡುವುದಕ್ಕೂ ಇದೇ ಮಾತು. ದೇಶಕ್ಕೆ ಏನೋ ಕಾಯಿಲೆ ಎಂದು ದಂಡನಾಯಕರು ಹೇಳುತ್ತಲೇ ಇರುತ್ತಾರೆ ಎಂದು ಖುನ್ ಖ್ರೂ ಸಣ್ಣಗೆ ನಕ್ಕರು. ಖ್ವಾಮ್ ಎಂಬುದು ನಮ್ಮ 'ತನ'ದ ಹಾಗೆ, ಪದದ ಮುಂದೆ ಹಚ್ಚುತ್ತಾರೆ. ಹೆಙ್ ಚಾತ್ ಎಂದರೆ ರಾಷ್ಟ್ರದ.

ಉಳಿದದ್ದು ಸಙೊಪ್. ಇಡೀ ಹೆಸರಿನ ತಿರುಳು ಇದೇ, ಮತ್ತು ಸಂಸ್ಕೃತದ ಬೆಳಕಿನಲ್ಲಿ ನನಗೆ ಕಾಣದೆ ಉಳಿದ ಮಾತೂ ಇದೇ. ಪೀಸ್ ಎಂದೇ ಅಲ್ಲವೆ ಇದರ ಅರ್ಥ ಎಂದೆ. ಅವರು ತಲೆಯಾಡಿಸಲಿಲ್ಲ. ಹಾಳೆಯ ಮೇಲೆ ಮೂರು ಮಾತುಗಳನ್ನು ಒಂದರ ಕೆಳಗೊಂದು ಬರೆದರು. ಮೊದಲನೆಯದು ಸನ್ತಿಫಾಪ್. ಇದು ಶಾಂತಿಭಾವ. ಯುದ್ಧ ಮುಗಿದು ಎರಡು ದೇಶಗಳು ಕೈಕುಲುಕಿದಾಗ ಬರುವುದು, ವಿಶ್ವಶಾಂತಿ ಎನ್ನುವಾಗ ಹೇಳುವುದು. ಕೊನೆಯದು ಙಿಯಪ್. ಸದ್ದಿಲ್ಲದಿರುವುದು. "ನಾನು ಮೂವತ್ತು ವರ್ಷ ತರಗತಿಯಲ್ಲಿ ಕೂಗಿದ್ದು ಇದೇ ಮಾತು" ಎಂದರು. ನಾನು ಕೂಗುವ 'ಸೈಲೆನ್ಸ್' ಎಂದು ತಿಳಿಯಿತು. ಸಙೊಪ್ ಈ ಎರಡರ ನಡುವೆ ನಿಲ್ಲುತ್ತದೆ. ಅಲೆಯಿಲ್ಲದ ಸಮುದ್ರ ಸಙೊಪ್. ಧ್ಯಾನಕ್ಕೆ ಕೂತವರ ಮನಸ್ಸು ಸಙೊಪ್. ಬೀದಿಯಲ್ಲಿ ಗಲಭೆಯಾಗಿ ಆಮೇಲೆ ಎಲ್ಲ ತಣ್ಣಗಾಯಿತು ಎನ್ನುವಾಗಲೂ ಸಙೊಪ್. ಕೆಟ್ಟ ಮಾತಲ್ಲ, ಒಳ್ಳೆಯ ಮಾತೇ. ಆದರೆ ತಣ್ಣಗಾದದ್ದು ಹೇಗೆ ಎಂದು ಆ ಮಾತು ಕೇಳುವುದಿಲ್ಲ. ಇಬ್ಬರು ಕೂತು ಮಾತಾಡಿ ತಣ್ಣಗಾದರೇ, ಇಲ್ಲ ಯಾರಾದರೂ ಬಂದು ಬಾಯಿ ಮುಚ್ಚಿಸಿದರೇ?

ಹಾಗಾದರೆ ಹೆಸರಿನ ನೇರ ಅರ್ಥ, 'ರಾಷ್ಟ್ರವು ತಣ್ಣಗಿರುವಂತೆ ಕಾಯುವ ಗಣ'. ಶಾಂತಿಯಲ್ಲಿ ಎರಡು ಪಕ್ಷಗಳಿರುತ್ತವೆ. ತಣ್ಣಗಿರುವುದರಲ್ಲಿ ಕಾಯುವವನೊಬ್ಬ, ಕಾಯಿಸಿಕೊಳ್ಳುವವರು ಉಳಿದವರೆಲ್ಲ. ಇಂಗ್ಲಿಷಿನ ಪೀಸ್ ಈ ವ್ಯತ್ಯಾಸವನ್ನು ನುಂಗಿಬಿಡುತ್ತದೆ. ಆ ಇಂಗ್ಲಿಷಿನಿಂದ ಕನ್ನಡಕ್ಕೆ ತಂದಾಗ ನಾವು 'ಶಾಂತಿ' ಎಂದು ಬರೆದು, ಥಾಯ್ ಸೇನೆಯೇ ಬಳಸದ ಮಾತನ್ನು ಅದಕ್ಕೆ ದಾನ ಮಾಡುತ್ತೇವೆ. ಸನ್ತಿಫಾಪ್ ಎಂಬ ಮಾತು ಕೈಗೆಟುಕುವಲ್ಲೇ ಇತ್ತು. ಅವರು ಅದನ್ನು ತೆಗೆದುಕೊಳ್ಳಲಿಲ್ಲ.

"ಆರ್ಡರ್ ಎಲ್ಲಿದೆ?" ಎಂದು ಕೇಳಿದೆ. ಆರು ಪದಗಳಲ್ಲೂ ಅದು ಕಾಣಲಿಲ್ಲ. ಖುನ್ ಖ್ರೂ ಅವರಿಗೆ ಈ ಪ್ರಶ್ನೆ ಹಿಡಿಸಿತು. "ಅದು ಹಳೆಯ ಹೆಸರಿನಲ್ಲಿದೆ" ಎಂದರು.

1991ರ ಫೆಬ್ರುವರಿ 23ರಂದು ಪ್ರಧಾನಿ ಚಾತಿಚಾಯ್ ಅವರನ್ನು ವಿಮಾನದಲ್ಲೇ ಬಂಧಿಸಿ ಅಧಿಕಾರ ಹಿಡಿದ ಸೇನಾಧಿಕಾರಿಗಳು ಇಟ್ಟುಕೊಂಡಿದ್ದ ಹೆಸರು ಖನ ರಕ್ಸಾ ಖ್ವಾಮ್ ಸಙೊಪ್ ರಿಯಪ್‌ರೋಯ್ ಹೆಙ್ ಚಾತ್. ರಿಯಪ್‌ರೋಯ್ ಎಂಬ ಒಂದೇ ಮಾತು ಹೆಚ್ಚು. ಅದರ ಅರ್ಥ ಒಪ್ಪ ಓರಣ, ಅಚ್ಚುಕಟ್ಟು. ಮಡಿಸಿಟ್ಟ ಬಟ್ಟೆ ರಿಯಪ್‌ರೋಯ್. ಕೆಲಸವೆಲ್ಲ ಮುಗಿಯಿತು ಎನ್ನಲೂ ಅದೇ. ಮತ್ತು, ಇದನ್ನು ಹೇಳುವಾಗ ಖುನ್ ಖ್ರೂ ತಮ್ಮ ಸೆರಗಿಲ್ಲದ ಹೆಗಲ ಮೇಲೆ ಸೆರಗು ಸರಿಮಾಡಿಕೊಳ್ಳುವವರ ಹಾಗೆ ಕೈಯಾಡಿಸಿದರು, ತಲೆತಗ್ಗಿಸಿ ನಡೆಯುವ, ಜೋರಾಗಿ ನಗದ, ಎದುರು ಮಾತಾಡದ ಹುಡುಗಿಯೂ ರಿಯಪ್‌ರೋಯ್. ಹೆಣ್ಣು ನೋಡಲು ಬಂದವರು ಮೊದಲು ವಿಚಾರಿಸುವುದು ಅದನ್ನೇ ಎಂದರು. ನಮ್ಮಲ್ಲೂ ಹಾಗೆಯೇ ಎಂದೆ.

ವಿಚಿತ್ರ ಎಂದರೆ, ಓರಣದ ಮಾತು ಇದ್ದ 1991ರ ಹೆಸರು ಇಂಗ್ಲಿಷಿಗೆ ಬಂದಾಗ ಓರಣ ಬಿಟ್ಟುಹೋಯಿತು. ಅದು ನ್ಯಾಷನಲ್ ಪೀಸ್‌ಕೀಪಿಂಗ್ ಕೌನ್ಸಿಲ್ ಆಯಿತು, ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ತಮ್ಮನ ಹಾಗೆ. 2014ರ ಥಾಯ್ ಹೆಸರಿನಲ್ಲಿ ಓರಣದ ಮಾತಿಲ್ಲ, ಆದರೆ ಇಂಗ್ಲಿಷಿನಲ್ಲಿ ಆರ್ಡರ್ ಬಂದು ಕೂತಿದೆ. ಮೇ 20ರಂದು ಸೇನಾ ಕಾನೂನಿನ ಜೊತೆ ಸ್ಥಾಪಿಸಿದ ಕಾರ್ಯಾಲಯದ ಹೆಸರಿನಲ್ಲಿ ರಿಯಪ್‌ರೋಯ್ ಇತ್ತು. ಅದನ್ನು ಇಂಗ್ಲಿಷಿನಲ್ಲಿ ಪೀಸ್ ಅಂಡ್ ಆರ್ಡರ್ ಮೇಂಟೇನಿಂಗ್ ಕಮಾಂಡ್ ಎಂದಿದ್ದರು. 22ರಂದು ಹೊಸ ಗಣ ಹುಟ್ಟಿದಾಗ ಅದಕ್ಕೂ ಮೊದಲು ನ್ಯಾಷನಲ್ ಪೀಸ್ ಅಂಡ್ ಆರ್ಡರ್ ಮೇಂಟೇನಿಂಗ್ ಕೌನ್ಸಿಲ್ ಎಂಬ ಇಂಗ್ಲಿಷ್ ಹೆಸರೇ ಬಂತು. ಎರಡು ದಿನದ ಹಿಂದಿನ ಆರ್ಡರ್ ಹಾಗೆಯೇ ಸಾಗಿಬಂದಿರಬೇಕು. ಆ ಹೆಸರು ಇಂಗ್ಲಿಷ್ ಕಿವಿಗೆ ಕಲ್ಲು ಕಡಿದಂತೆ ಇದ್ದರೂ ಅದರಲ್ಲಿ 'ಕಾಯುವ' ಎಂಬ ಕ್ರಿಯೆ ಇತ್ತು, ಯಾರೋ ಕೈಯಲ್ಲಿ ಏನೋ ಹಿಡಿದು ನಿಂತಿದ್ದಾರೆ ಎಂದು ತಿಳಿಯುತ್ತಿತ್ತು. ಕೆಲವೇ ದಿನಗಳಲ್ಲಿ ಅದನ್ನು ತಿದ್ದಿ ನಯ ಮಾಡಿದರು. ಕಾಯುವ ಕೈ ಮಾಯವಾಗಿ 'ಫಾರ್' ಬಂತು. ಶಾಂತಿಗಾಗಿ, ಸುವ್ಯವಸ್ಥೆಗಾಗಿ. ಇಂಗ್ಲಿಷ್ ಸುಧಾರಿಸಿದಷ್ಟೂ ಹೆಸರು ಥಾಯ್‌ನಿಂದ ದೂರ ಹೋಯಿತು. ಇಂಗ್ಲಿಷ್ ಮೇಷ್ಟ್ರು ಖುಷಿಪಡಬೇಕೋ ಬೇಸರಪಡಬೇಕೋ ಎಂದು ಖುನ್ ಖ್ರೂ ಕೇಳಿದರು.

ಇಷ್ಟೆಲ್ಲ ನಯ ಯಾರಿಗಾಗಿ? ಬ್ಯಾಂಕಾಕಿನ ಮಾರುಕಟ್ಟೆಯಲ್ಲಿ ಹಸಿಮೆಣಸು ಮಾರುವವಳಿಗೆ ಇಂಗ್ಲಿಷ್ ಹೆಸರು ಬೇಕಿಲ್ಲ. ಅದು ರಾಯಭಾರ ಕಚೇರಿಗಳಿಗೆ, ಹೊರದೇಶದ ಪತ್ರಿಕೆಗಳಿಗೆ, ಬಂಡವಾಳ ಹಾಕುವವರಿಗೆ. ಚುನಾಯಿತ ಸರ್ಕಾರವನ್ನು ಸೇನೆ ಉರುಳಿಸಿದರೆ ಅಮೆರಿಕದ ಕಾನೂನಿನಂತೆ ನೆರವು ನಿಲ್ಲಿಸಬೇಕಾಗುತ್ತದೆ. 2014ರಲ್ಲಿ ಸೇನಾ ನೆರವಿನ ಒಂದು ಭಾಗವನ್ನು ನಿಲ್ಲಿಸಿಯೂ ಬಿಟ್ಟರು. ಪತ್ರಕರ್ತರು ಎಷ್ಟು ಉದ್ದದ ಹೆಸರು ಕೊಟ್ಟರೂ ಅದನ್ನು ಬಿಟ್ಟು 'ಜುಂಟಾ' ಎಂದೇ ಬರೆದರು. ತಮಾಷೆಯೆಂದರೆ ಜುಂಟಾ ಎಂಬ ಸ್ಪ್ಯಾನಿಷ್ ಮಾತಿಗೂ ಮೂಲದಲ್ಲಿ ಅರ್ಥ ಕೂಡಿಕೊಂಡವರು, ಮಂಡಳಿ ಎಂದೇ. 1808ರಲ್ಲಿ ನೆಪೋಲಿಯನ್ನನ ವಿರುದ್ಧ ಎದ್ದ ಸ್ಪೇನಿನ ಜನ ಕಟ್ಟಿಕೊಂಡ ಮಂಡಳಿಗಳಿಗೆ ಆ ಹೆಸರಿತ್ತು. ಹೆಸರಿಗೆ ಬಂದ ಕಳಂಕ ಹೆಸರಿನದಲ್ಲ, ಅದನ್ನು ಇಟ್ಟುಕೊಂಡವರು ಮಾಡಿದ ಕೆಲಸದ್ದು.

1991ರ ಗಣದ ಕಥೆಯನ್ನು ಅರ್ಧಕ್ಕೇ ಬಿಟ್ಟೆ. ಆ ಗಣದ ಬಲಿಷ್ಠರಲ್ಲಿ ಒಬ್ಬರಾದ ಜನರಲ್ ಸುಚಿಂದಾ ತಾವು ಪ್ರಧಾನಿಯಾಗುವುದಿಲ್ಲ ಎಂದು ಮಾತು ಕೊಟ್ಟಿದ್ದರು. 1992ರ ಏಪ್ರಿಲ್‌ನಲ್ಲಿ ಆದರು. ಕೊಟ್ಟ ಮಾತೇನಾಯಿತು ಎಂದರೆ, ಸಿಯಾ ಸತ್ ಪುಯಾ ಚಾತ್. ಸತ್ ಎಂದರೆ ಸತ್ಯ. ರಾಷ್ಟ್ರಕ್ಕಾಗಿ ಸತ್ಯವನ್ನು ಕಳೆದುಕೊಂಡೆ! ಗೋವಿನ ಹಾಡನ್ನು ಬಾಯಿಪಾಠ ಮಾಡಿ ಬೆಳೆದ ನಮ್ಮಂಥವರಿಗೆ ಇದು ಹೇಗೆ ಕೇಳಿಸಬೇಡ! ಮೇ ತಿಂಗಳಲ್ಲಿ ಲಕ್ಷಾಂತರ ಜನ ಬೀದಿಗೆ ಬಂದರು. 17ರಿಂದ 20ರವರೆಗೆ ಸೇನೆ ಗುಂಡು ಹಾರಿಸಿತು, ಹತ್ತಾರು ಜನ ಸತ್ತರು. ರಾಜ ಭೂಮಿಬೋಲ್ ಸುಚಿಂದಾ ಅವರನ್ನೂ ಪ್ರತಿಭಟನೆಯ ನಾಯಕ ಚಾಮ್ಲೋಙ್ ಅವರನ್ನೂ ಕರೆಸಿ ನೆಲದ ಮೇಲೆ ಕೂರಿಸಿ ಬುದ್ಧಿ ಹೇಳಿದ್ದನ್ನು ಇಡೀ ದೇಶ ಟೀವಿಯಲ್ಲಿ ನೋಡಿತು. ಸುಚಿಂದಾ ಕೆಳಗಿಳಿದರು. ಪೀಸ್‌ಕೀಪಿಂಗ್ ಎಂಬ ಇಂಗ್ಲಿಷ್ ಹೆಸರನ್ನು 2014ರಲ್ಲಿ ಯಾರೂ ಮತ್ತೆ ಮುಟ್ಟದೆ ಇದ್ದುದಕ್ಕೆ ಇದೇ ಕಾರಣವಿರಬೇಕು ಎಂದು ನನ್ನ ಊಹೆ.

2006ರ ಕಥೆ ಇನ್ನೂ ಸ್ವಾರಸ್ಯ. ಆ ವರ್ಷ ಸೆಪ್ಟೆಂಬರ್ 19ರ ರಾತ್ರಿ, ಪ್ರಧಾನಿ ಥಕ್ಸಿನ್ ನ್ಯೂಯಾರ್ಕಿನಲ್ಲಿದ್ದಾಗ, ಟ್ಯಾಂಕುಗಳಿಗೆ ಹಳದಿ ರಿಬ್ಬನ್ನು ಕಟ್ಟಿಕೊಂಡು ಬಂದ ಸೇನೆ ಒಂದು ಮಾರುದ್ದದ ಹೆಸರನ್ನು ಘೋಷಿಸಿತು. ಖನ ಪತಿರೂಪ್ ಎಂದು ಶುರುವಾಗಿ, ಮಹಾರಾಜರು ಪ್ರಮುಖರಾಗಿರುವ ಪ್ರಜಾಥಿಪತಾಯ್ ಪದ್ಧತಿಯ ಆಡಳಿತ ಎಂದು ಮುಗಿಯುತ್ತದೆ. ಪ್ರಮುಖ, ಪ್ರಜಾ, ಅಧಿಪತಿ ಎಲ್ಲವೂ ಅದರಲ್ಲಿವೆ. ಪತಿರೂಪ್ ಎಂದರೆ ಸುಧಾರಣೆ. ಅದು ನಮ್ಮ ಪ್ರತಿರೂಪ. ಪಾಲಿಯಲ್ಲಿ ರಕಾರ ಬಿದ್ದುಹೋಗಿದೆ. "ಹೌದೌದು, ಮನೆ ಸುಧಾರಣೆ ಅಂದ್ರೆ ಪತಿರೂಪಾನೇ" ಎಂದು ತಂಗಿ ಗಂಡನ ಕಡೆ ನೋಡಿದಳು. ಈ ಮಾತನ್ನೂ, ಕ್ರಾಂತಿ ಎಂಬುದಕ್ಕೆ ಪತಿವತ್ ಎಂಬ ಮಾತನ್ನೂ ಟಂಕಿಸಿದವರು ರಾಜಕುಮಾರ ವಾನ್. ಮುಂದೆ ವಿಶ್ವಸಂಸ್ಥೆಯ ಮಹಾಸಭೆಗೆ ಅಧ್ಯಕ್ಷರಾದವರು. 1932ರ ಬದಲಾವಣೆಯ ಮುಂದಾಳು ಪ್ರೀದಿ ಅವರಿಗೆ ಪತಿವತ್ ಹಿಡಿಸಲಿಲ್ಲ. ಅದರಲ್ಲಿ ಹಿಂದಕ್ಕೆ ಮರಳುವ ಅರ್ಥವಿದೆ ಎಂದು ಅವರು ಅಭಿವತ್ ಎಂಬ ಮಾತನ್ನು ಮುಂದಿಟ್ಟರು. ನಮ್ಮ ಅಭಿವೃದ್ಧಿಯ ಬಳಗದ್ದು. ಉಳಿದದ್ದು ಮಾತ್ರ ಪತಿವತ್. 1958ರಲ್ಲಿ ದಂಡನಾಯಕ ಸರಿತ್ ಸಂವಿಧಾನವನ್ನು ರದ್ದು ಮಾಡಿದಾಗ ತಮ್ಮ ಗುಂಪನ್ನು ಖನ ಪತಿವತ್ ಎಂದರು. ಕ್ರಾಂತಿಯ ಮಾತು ಹೋಗಿ ಸೇನೆಯ ಮನೆ ಸೇರಿತು.

2006ರ ಹೆಸರು ಇಂಗ್ಲಿಷಿನಲ್ಲಿ ಕೌನ್ಸಿಲ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ ಅಂಡರ್ ಕಾನ್‌ಸ್ಟಿಟ್ಯೂಷನಲ್ ಮೊನಾರ್ಕಿ. ಈ ಪ್ರಹಾರದಲ್ಲಿ ರಾಜರ ಪಾಲಿದೆಯೇ ಎಂದು ಹೊರದೇಶದವರು ಕೇಳತೊಡಗಿದರು. ಕೆಲವೇ ದಿನಗಳಲ್ಲಿ ಇಂಗ್ಲಿಷ್ ಹೆಸರಿನಿಂದ ರಾಜರನ್ನು ತೆಗೆದು ಕೌನ್ಸಿಲ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ ಎಂದಷ್ಟೇ ಉಳಿಸಿದರು. ಥಾಯ್ ಹೆಸರಿನಲ್ಲಿ ರಾಜರು ಹಾಗೆಯೇ ಇದ್ದರು! ಮನೆಯವರಿಗೆ ಒಂದು ಹೆಸರು, ನೆಂಟರಿಗೆ ಒಂದು ಹೆಸರು.

ಪಕ್ಕದ ಬರ್ಮಾದಲ್ಲೂ ಇದೇ ಪಾಡು. 1988ರ ಸೇನಾಡಳಿತದ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳು ಸೇರಿ 'ಸ್ಲಾರ್ಕ್' ಎಂದಾಗಿ, ಸಿನಿಮಾದ ಖಳನಾಯಕನ ಹಾಗೆ ಕೇಳಿಸುತ್ತಿತ್ತು. 1997ರಲ್ಲಿ ಹೆಸರು ಬದಲಾಯಿಸಿ ಅದರಲ್ಲಿ ಪೀಸ್ ಅನ್ನೂ ಡೆವಲಪ್‌ಮೆಂಟ್ ಅನ್ನೂ ಸೇರಿಸಿದರು. ಆಡಳಿತ ನಡೆಸಿದವರು ಅವರೇ.

ಇಷ್ಟು ಹೊತ್ತು ಮಾತಿನ ಚಮತ್ಕಾರದಲ್ಲಿ ನಾನು ಮೈಮರೆತಿದ್ದೆ. ಖುನ್ ಖ್ರೂ ಹಾಳೆಯ ಕೆಳಗೆ ಇನ್ನೊಂದು ಮಾತು ಬರೆದರು: ಪ್ರಪ್ ಥತ್ಸನಖತಿ. ಥತ್ಸನ ಎಂದರೆ ದರ್ಶನ, ಖತಿ ಎಂದರೆ ಗತಿ. ನೋಡುವ ರೀತಿ, ಮನೋಭಾವ. ಪ್ರಪ್ ಎಂದರೆ ಸರಿಪಡಿಸುವುದು. ಇಂಗ್ಲಿಷಿನಲ್ಲಿ ಆಟಿಟ್ಯೂಡ್ ಅಡ್ಜಸ್ಟ್‌ಮೆಂಟ್. 2014ರ ಮೇ ಕೊನೆಯಿಂದ ಟೀವಿಯಲ್ಲಿ ಹೆಸರುಗಳನ್ನು ಓದುತ್ತಿದ್ದರು. ರಾಜಕಾರಣಿಗಳು, ಪತ್ರಕರ್ತರು, ಅಧ್ಯಾಪಕರು. ಇಂಥ ದಿನ, ಇಂಥ ಹೊತ್ತಿಗೆ ಬಂದು ಹಾಜರಾಗಬೇಕು. ಬಂದವರನ್ನು ಏಳು ದಿನದವರೆಗೆ ಸೇನೆಯ ಶಿಬಿರದಲ್ಲಿ ಇರಿಸಿಕೊಳ್ಳಲು ಆ ಕಾನೂನಿನಲ್ಲಿ ಅವಕಾಶವಿತ್ತು. ಐದು ಅಥವಾ ಅದಕ್ಕಿಂತ ಹೆಚ್ಚು ಜನ ಸೇರಿ ರಾಜಕೀಯ ಸಭೆ ಮಾಡುವಂತಿರಲಿಲ್ಲ. ಒಂದು ಸಿನಿಮಾದಲ್ಲಿ ಕಂಡ ಹಾಗೆ ಮೂರು ಬೆರಳೆತ್ತಿ ನಿಂತವರನ್ನು ಹಿಡಿದರು, ಪ್ರತಿಭಟನೆಯ 'ಸ್ಯಾಂಡ್‌ವಿಚ್' ತಿನ್ನಲು ಬಂದ ವಿದ್ಯಾರ್ಥಿಗಳನ್ನೂ ಹಿಡಿದರು. ಶಾಲೆಯ ಮಕ್ಕಳು ಹನ್ನೆರಡು ಮೌಲ್ಯಗಳನ್ನು ಬಾಯಿಪಾಠ ಒಪ್ಪಿಸಬೇಕಾಯಿತು.

ಖುನ್ ಖ್ರೂ ಅವರ ಹಳೆಯ ವಿದ್ಯಾರ್ಥಿಯೊಬ್ಬ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ. ಊಟದ ಹೊತ್ತಿಗೆ ಟೀವಿಯಲ್ಲಿ ಅವನ ಹೆಸರು ಕೇಳಿ ಇವರ ಕೈಯ ಚಮಚ ಬಿತ್ತಂತೆ. ನಾಲ್ಕು ದಿನದ ಮೇಲೆ ಬಂದ. ಇನ್ನು ರಾಜಕೀಯಕ್ಕೆ ಹೋಗುವುದಿಲ್ಲ ಎಂದು ಬರೆದುಕೊಟ್ಟು ಬಂದಿದ್ದ. ಏನು ಮಾಡಿದರು ಎಂದು ಕೇಳಿದ್ದಕ್ಕೆ, "ಏನೂ ಮಾಡಲಿಲ್ಲ ಖ್ರೂ, ಊಟ ಚೆನ್ನಾಗಿತ್ತು, ಎಲ್ಲರೂ ಬಹಳ ರಿಯಪ್‌ರೋಯ್ ಆಗಿದ್ದರು" ಎಂದನಂತೆ. ಆಮೇಲಿಂದ ಅವನು ಬಂದಾಗ ಹವಾಮಾನದ ಬಗ್ಗೆ ಮಾತಾಡುತ್ತಾನೆ. ಇದನ್ನು ಹೇಳುವಾಗ ಅವರ ದನಿ ಎಷ್ಟು ಇಳಿದಿತ್ತೆಂದರೆ ನಾನು ಬಗ್ಗಿ ಕೇಳಬೇಕಾಯಿತು. ಆ ಹಾಳೆಯನ್ನು ಮಾತ್ರ ನನಗೆ ಕೊಡಲಿಲ್ಲ. ನಾಲ್ಕಾಗಿ ಹರಿದು ಚೀಲಕ್ಕೆ ಹಾಕಿಕೊಂಡರು. ನಾನು ಕನ್ನಡದಲ್ಲಿ ಬರೆದುಕೊಂಡದ್ದು ನನ್ನ ಬಳಿ ಉಳಿಯಿತು.

ಅಂದು ರಾತ್ರಿ ನನಗೆ ನೆನಪಾದದ್ದು ಥಾಯ್ ಸೇನೆಯಲ್ಲ. 2003ರ ನನ್ನ ಒಂಬತ್ತನೆಯ ತರಗತಿ. ನಮ್ಮ ಶಾಲೆಯಲ್ಲಿ ನನ್ನ ತರಗತಿಯಷ್ಟು ಸದ್ದಿಲ್ಲದ ತರಗತಿ ಇನ್ನೊಂದಿರಲಿಲ್ಲ. ನಾನು ಇಲ್ಲದಾಗ ಮಾತಾಡಿದವರ ಹೆಸರನ್ನು ಲೀಡರ್ ಬೋರ್ಡಿನ ಮೇಲೆ ಬರೆಯುತ್ತಿದ್ದಳು. ಮುಖ್ಯೋಪಾಧ್ಯಾಯರು ಬೇರೆಯವರಿಗೆ ನನ್ನ ಉದಾಹರಣೆ ಕೊಡುತ್ತಿದ್ದರು, ನನಗೆ ಹೆಮ್ಮೆ. ಕೊನೆಯ ಬೆಂಚಿನಲ್ಲಿ ಒಬ್ಬ ಹುಡುಗಿ. ಕೇಳಿದ್ದಕ್ಕೆ ಉತ್ತರ, ಅಷ್ಟೇ. ಅವಳ ಪ್ರಗತಿಪತ್ರದಲ್ಲಿ ನಡತೆಯ ಕಾಲಂನಲ್ಲಿ ನಾನೇ ಬರೆದಿದ್ದೆ, 'ಶಾಂತ ಸ್ವಭಾವ'. ದಸರಾ ರಜೆ ಮುಗಿದ ಮೇಲೆ ಅವಳು ಬರಲಿಲ್ಲ. ಮದುವೆ ಮಾಡಿದ್ದರು. ಬೆಂಚಿನ ಹುಡುಗಿಯರಿಗೆಲ್ಲ ಎರಡು ತಿಂಗಳ ಮುಂಚೆಯೇ ಗೊತ್ತಿತ್ತು, ಅವಳು ಅಳುತ್ತಿದ್ದಳಂತೆ. ಒಬ್ಬರಾದರೂ ನನಗೇಕೆ ಹೇಳಲಿಲ್ಲ ಎಂದು ಸಿಟ್ಟಿನಿಂದ ಕೇಳಿದೆ. ಲೀಡರ್ ಹುಡುಗಿಯೇ ಎದ್ದು ನಿಂತು ಹೇಳಿದಳು: "ಮಾತಾಡಬೇಡಿ ಅಂತೀರಲ್ಲ ಮಿಸ್."

'ಶಾಂತ ಸ್ವಭಾವ' ಎಂದು ಬರೆದದ್ದೂ ಒಂದು ಭಾಷಾಂತರವೇ ಆಗಿತ್ತು. ಙಿಯಪ್ ಎಂಬುದನ್ನು ಸನ್ತಿಫಾಪ್ ಎಂದು ಮಾಡಿದ್ದೆ.

ಖೊ ಸೊ ಚೊ ಐದು ವರ್ಷಕ್ಕೂ ಮೇಲೆ ಬಾಳಿತು. 2019ರ ಮಾರ್ಚ್ 24ರಂದು ಚುನಾವಣೆ ನಡೆದು, ಜುಲೈ 16ರಂದು ಹೊಸ ಮಂತ್ರಿಮಂಡಲ ಪ್ರಮಾಣವಚನ ತೆಗೆದುಕೊಂಡಾಗ ಅದು ಮುಗಿಯಿತು. ಪ್ರಧಾನಿಯಾಗಿ ಮುಂದುವರಿದವರು ಪ್ರಯುತ್ ಅವರೇ, 2023ರವರೆಗೆ. ತಂಗಿಯ ಮನೆಯವರು ಅಷ್ಟರಲ್ಲಿ ಊರಿಗೆ ಮರಳಿದ್ದರು.

ಆ ಜುಲೈ ತಿಂಗಳಲ್ಲೇ ಒಂದು ದಿನ ಪಾಠ ಬೇಗ ಮುಗಿದು ಹತ್ತು ನಿಮಿಷ ಉಳಿದಿತ್ತು. ಬೋರ್ಡಿನ ಮೇಲೆ ಗಣ, ರಕ್ಷೆ, ತಣ್ಣಗಿರುವುದು, ಜಾತಿ ಎಂದು ಬರೆದು, ಜಾತಿ ಎಂದರೆ ಇಲ್ಲಿ ರಾಷ್ಟ್ರ ಎಂದು ತಿಳಿಸಿ, ಇದು ಒಂದು ದೇಶದಲ್ಲಿ ಸೈನಿಕರು ನಡೆಸಿದ ಸರ್ಕಾರದ ಹೆಸರು, ಕನ್ನಡದಲ್ಲಿ ಏನೆಂದು ಕರೆಯುತ್ತೀರಿ ಎಂದು ಮಕ್ಕಳನ್ನು ಕೇಳಿದೆ. ಒಬ್ಬ 'ರಾಷ್ಟ್ರ ರಕ್ಷಣಾ ವೇದಿಕೆ' ಎಂದ. ಇನ್ನೊಬ್ಬಳು ವ್ಯಾಕರಣ ನೋಡಿಕೊಂಡು 'ರಾಷ್ಟ್ರಶಾಂತಿಪಾಲಕ ಗಣ' ಎಂದಳು. ಪರೀಕ್ಷೆಯಲ್ಲಾದರೆ ಅವಳಿಗೇ ಪೂರ್ತಿ ಅಂಕ. ಮೂರನೆಯ ಬೆಂಚಿನ ಒಂದು ಮಾತುಗುಳಿ ಹುಡುಗಿ ಕೈಯನ್ನೂ ಎತ್ತದೆ, "ಮಿಸ್, 'ಅಖಿಲ ಭಾರತ ಗಲಾಟೆ ಮಾಡಬೇಡಿ ಸಂಘ'!" ಎಂದು ಕೂಗಿದಳು. ಭಾರತ ಅಲ್ಲವೇ ಎಂದು ಪಕ್ಕದವಳು ತಿದ್ದಿದಳು. ಇಡೀ ತರಗತಿ ನಗತೊಡಗಿ, ಆಳಿಗೊಂದು ಹೆಸರು ಹುಟ್ಟಿ, ಸದ್ದು ಎಷ್ಟಾಯಿತೆಂದರೆ ಪಕ್ಕದ ಕೊಠಡಿಯ ಮೇಷ್ಟ್ರು ಬಂದು ಬಾಗಿಲಲ್ಲಿ ನಿಂತು ಒಳಗೆ ಇಣುಕಿದರು. ನಾನಿಲ್ಲ ಎಂದುಕೊಂಡಿದ್ದರೋ ಏನೋ, ನನ್ನನ್ನು ನೋಡಿ ಗಲಿಬಿಲಿಗೊಂಡರು.

"ಇನ್ನೈದು ನಿಮಿಷ ಸಾರ್" ಎಂದೆ.